ಬೋರಲು ಹಾಕಿದರೂ ಬೀಳದ ನೊರೆ

ತೊರಪಳ್ಳಿ
12 ಜೂನ್ 2023

ಹಾಲಾ,

ಕ್ಷೇಮ ಗೀಮ ಎಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು, ಫೋನ್ ಯಾಕೆ ಎತ್ತುತ್ತಿಲ್ಲ?

ವಾರಗಟ್ಟಲೆಯಿಂದ ಮಾಡುತ್ತಿದ್ದೇನೆ. ಪ್ರತಿ ಸಲ ನಿನ್ನ ಹೆಂಡತಿ ಚಿನ್ನಿಯೇ ಎತ್ತುತ್ತಾಳೆ. ಒಂದು ದಿನ ನೀನು ತೋಟದಲ್ಲಿದ್ದೀಯಂತೆ, ಇನ್ನೊಂದು ದಿನ ಸ್ನಾನಕ್ಕೆ ಹೋಗಿದ್ದೀಯಂತೆ, ನಿನ್ನೆ ಮಲಗಿದ್ದೀಯಂತೆ. ಬೆಳಿಗ್ಗೆ ಹನ್ನೊಂದಕ್ಕೆ! ಹುಟ್ಟಿದಾಗಿನಿಂದ ಹಗಲು ಹೊತ್ತು ಬೆನ್ನು ನೆಲಕ್ಕೆ ತಾಗಿಸಿದವನಲ್ಲ ನೀನು. ಪಾಪ, ಚಿನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವಳ ಕೈಲಿ ಯಾಕೆ ಆ ಕೆಲಸ ಮಾಡಿಸುತ್ತೀಯ?

ಕಾರಣ ನನಗೆ ಗೊತ್ತು ಬಿಡು. ಏಪ್ರಿಲ್‌ನಲ್ಲಿ ಇತ್ತಲಾರಿಗೆ ಬಂದಾಗ ನಿನ್ನ ಬಚ್ಚಲಿನಲ್ಲಿ ಆ ಒತ್ತಿದರೆ ಬುಸ್ ಎನ್ನುವ ನೊರೆಯ ಡಬ್ಬಿ ನೋಡಿ ನಕ್ಕೆನಲ್ಲ, ಅದಕ್ಕೆ ಸಿಟ್ಟು. ನಗದೆ ಇನ್ನೇನು ಮಾಡಲಿ? ಗೂಡಲೂರು ಬಜಾರಿನಲ್ಲಿ ಮೂವತ್ತು ವರ್ಷದಿಂದ ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡು ಶೇವಿಂಗ್ ಬ್ರಷ್ ಮಾರುವವನು ನಾನು. ನನ್ನ ಜೀವದ ಗೆಳೆಯನ ಮನೆಯಲ್ಲಿ ಡಬ್ಬಿ! ಮೈಸೂರಿನ ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೂ ಒಂದೇ ಬ್ರಷ್ ಇತ್ತು, ನೆನಪಿದೆ ತಾನೆ? ನಾನು ಎಬ್ಬಿಸಿದರೆ ನೊರೆ, ನೀನು ಎಬ್ಬಿಸಿದರೆ ಗಂಜಿ ತಿಳಿ. ಅಂದಿನಿಂದಲೂ ನಿನಗೆ ಅದರ ಹೊಟ್ಟೆಯುರಿ. ಇಷ್ಟಕ್ಕೆಲ್ಲ ಮುನಿಸಿಕೊಂಡು ಮಾತು ಬಿಡಲು ನಾವೇನು ಹೊಸ ಬೀಗರೇ?

ಬೇಕಿದ್ದರೆ ನಕ್ಕಿದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಪೂರ್ತಿ ಆಗುವುದಿಲ್ಲ. ಮಾತಾಡಲು ಬಾಯಿಲ್ಲದಿದ್ದರೆ ನಾಲ್ಕು ಸಾಲು ಗೀಚು. ಹಾಸ್ಟೆಲಿನಲ್ಲಿ ಕನ್ನಡ ಅಕ್ಷರ ಕಲಿಸಿದ ಗುರುವಿಗೆ ಅಷ್ಟಾದರೂ ದಕ್ಷಿಣೆ ಕೊಡು.

ನಿನ್ನ
ನಂಜುಂಡೇಶ


ಇತ್ತಲಾರ್
26 ಜೂನ್ 2023

ನಂಜು,

ಅಕ್ಷರ ನೋಡಿ ನಗಬೇಡ. ಎಡಗೈ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದೆ. ಬಲಗೈ ಏಳಲಿಲ್ಲ. ಕಾಲೂ ಇಲ್ಲ. ಬಾಯಿ ಒಂದು ಕಡೆ. ಊಟಿ ಆಸ್ಪತ್ರೆಯಲ್ಲಿ ಇದ್ದೆ. ಪಾರ್ಶ್ವವಾಯು ಎಂದರು. ಕಾಲು ಬಂತು, ಕೋಲು ಹಿಡಿದು ನಡೆಯುತ್ತೇನೆ. ನಾಲಿಗೆ ಅರ್ಧ ಬಂತು. ಕೈ ಬರಲಿಲ್ಲ. ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿದೆ.

ಮಾತಾಡಿದರೆ ಮಗುವಿನ ಹಾಗೆ ಕೇಳುತ್ತದೆ. ಅದಕ್ಕೇ ಫೋನ್ ಬೇಡ. ನೀನು ನೋಡಲು ಬರಬೇಡ. ಬಂದರೆ ಬಾಗಿಲು ಹಾಕುತ್ತೇನೆ. ನಿಜವಾಗಿ ಹೇಳುತ್ತಿದ್ದೇನೆ.

ಡಬ್ಬಿ ನೊರೆಗೆ ನಕ್ಕೆಯಲ್ಲ. ಈಗ ಅದೂ ನಾನು ಹಚ್ಚಿಕೊಳ್ಳುವುದಿಲ್ಲ. ಮಗ ಹಚ್ಚಿ ಕೆರೆಯುತ್ತಾನೆ. ಗೋಡೆ ನೋಡಿಕೊಂಡು ಕೂರುತ್ತೇನೆ.

ಮೊಮ್ಮಗಳು ಕಲೈಸೆಲ್ವಿಗೆ ಮದುವೆ ಗೊತ್ತಾಗಿದೆ. ಫೆಬ್ರವರಿ. ನಮ್ಮ ಹಟ್ಟಿಯ ಪದ್ಧತಿ ನಿನಗೆ ಗೊತ್ತು. ಹುಡುಗಿ ಹೊರಡುವ ಮೊದಲು ಬಂದು ತಲೆ ಬಾಗಿಸುತ್ತಾಳೆ. ಮನೆಯ ಹಿರಿಯ ಬಲಗೈ ತಲೆಯ ಮೇಲಿಟ್ಟು ಹರಸಬೇಕು. ಎಡಗೈ ಇಡುವ ಹಾಗಿಲ್ಲ. ತಮ್ಮ ಮಾದನ್‌ಗೆ ಹೇಳಿದ್ದೇನೆ, ಅವನು ಹರಸುತ್ತಾನೆ. ನಾನು ಒಳಗೆ ಇರುತ್ತೇನೆ. ಹುಟ್ಟಿದ ದಿನದಿಂದ ನನ್ನ ಮಡಿಲಲ್ಲಿ ಬೆಳೆದ ಹುಡುಗಿ ಅದು.

ಇಷ್ಟು ಬರೆಯಲು ಎರಡು ದಿನ ಆಯಿತು. ಸಾಕು.

ಹಾಲನ್


ತೊರಪಳ್ಳಿ
3 ಜುಲೈ 2023

ಹಾಲಾ,

ನಿನ್ನ ಕಾಗದ ಅಂಗಡಿಗೆ ಬಂತು. ಗಿರಾಕಿ ಎದುರಿಗಿದ್ದರು, ಅವರ ಮುಂದೆಯೇ ಅತ್ತೆ. ಬಳೆ ಕೊಳ್ಳಲು ಬಂದ ಹೆಂಗಸು ಹೆದರಿ, "ಎಂತಾಯ್ತು ಅಣ್ಣಾ, ಮನೇಲಿ ಯಾರಿಗಾದ್ರೂ..." ಎಂದಳು. ಇಲ್ಲಮ್ಮಾ, ನನ್ನ ಗೆಳೆಯನಿಗೆ ಬುದ್ಧಿ ಕೆಟ್ಟಿದೆ ಎಂದೆ. ಒಬ್ಬನೇ ಒಳಗೊಳಗೇ ನುಂಗಿಕೊಂಡೆಯಲ್ಲ, ಪಾಪಿ! ನಾನು ಇಲ್ಲಿ ಕೂತು ನೊರೆ ಡಬ್ಬಿಯ ಮೇಲೆ ಪುರಾಣ ಬರೆಯುತ್ತಿದ್ದೆ.

ಬರಬೇಡ ಎಂದಿದ್ದೀಯ. ಸರಿ, ಬರುವುದಿಲ್ಲ. ಆದರೆ ಊಟಿ ಬಸ್ಸಿನ ಡ್ರೈವರ್ ಕೈಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಅದಕ್ಕೆ ಬಾಗಿಲು ಹಾಕುವ ಹಾಗಿಲ್ಲ.

ಅದರಲ್ಲಿ ಒಂದು ಬ್ರಷ್, ಒಂದು ಬಿಲ್ಲೆ ಶೇವಿಂಗ್ ಸೋಪು, ಒಂದು ಸ್ಟೀಲ್ ಬಟ್ಟಲು ಇದೆ. ಬ್ರಷ್ ಆರಿಸಲು ಅರ್ಧ ದಿನ ಹಿಡಿಯಿತು. ನೈಲಾನ್ ಇದೆ, ನಮ್ಮ ಮುಸ್ಲಿಂ ಗಿರಾಕಿಗಳು ಅದನ್ನೇ ಕೇಳುತ್ತಾರೆ, ಹಂದಿ ಕೂದಲು ಅವರಿಗಾಗದು. ಒಳ್ಳೆಯದೇ, ಆದರೆ ನೀರು ಹಿಡಿಯುವುದಿಲ್ಲ, ಪುಟಪುಟ ಪುಟಿಯುತ್ತದೆ. ಬ್ಯಾಡ್ಜರ್ ಅಂತ ಯಾವುದೋ ಪ್ರಾಣಿಯ ಕೂದಲಿನದು ಒಂದಿದೆ, ಮಸಿನಗುಡಿ ರೆಸಾರ್ಟಿಗೆ ಬರುವವರಿಗೆಂದು ತರಿಸಿದ್ದು. ಬೆಣ್ಣೆಯ ಹಾಗೆ ಮೆತ್ತಗೆ, ಕೆನ್ನೆಗೆ ತಾಗಿದ್ದೂ ತಿಳಿಯುವುದಿಲ್ಲ. ನಿನಗೆ ಹಂದಿ ಕೂದಲೇ ಸರಿ. ಮೊದಮೊದಲು ಮುಳ್ಳಿನ ಹಾಗೆ ಒರಟು, ಹೇಳಿದ ಮಾತು ಕೇಳುವುದಿಲ್ಲ, ಒತ್ತಿದರೆ ತಿರುಗಿ ಒತ್ತುತ್ತದೆ. ತಿಂಗಳುಗಟ್ಟಲೆ ನೆನೆಸಿ ತಿರುಗಿಸಿದರೆ ಕೂದಲ ತುದಿ ಸೀಳಿ ಮೆತ್ತಗಾಗುತ್ತದೆ. ನಿನ್ನ ಜಾತಿಯದೇ. ಇದ್ದುದರಲ್ಲಿ ದಪ್ಪ ಹಿಡಿಯಿರುವುದನ್ನು ನೋಡಿ ತೆಗೆದು, ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದೇನೆ, ಜಾರದಿರಲಿ ಎಂದು.

ಹೀಗೆ ಮಾಡು. ಮುಖ ತೊಳೆದುಕೊಳ್ಳುವಷ್ಟು ಹೊತ್ತು ಕೂದಲು ಬಿಸಿನೀರಿನಲ್ಲಿ ನೆನೆಯಲಿ. ತೆಗೆದು ಕೊಡವು. ಸೋಪಿನ ಮೇಲೆ ಸುತ್ತು ತಿರುಗಿಸು. ಕೂದಲಿಗೆ ಸೋಪು ಹತ್ತಿದ ಮೇಲೆ ಬಟ್ಟಲಿನಲ್ಲಿ ತಿರುಗಿಸು, ನಡುವೆ ಹನಿ ಹನಿ ನೀರು. ಗಟ್ಟಿ ಮೊಸರಿನ ಹಾಗೆ ಹೊಳೆದು ನಿಂತರೆ ಆಯಿತು. ಎಲ್ಲ ಬಲಗೈಯಲ್ಲಿ. ಎಡಗೈ ಬಟ್ಟಲು ಹಿಡಿಯಲಿ, ಅದಕ್ಕೂ ಕೆಲಸ ಬೇಕಲ್ಲ.

ಇದರಲ್ಲಿ ಔಷಧ ಗಿವುಷಧ ಏನೂ ಇಲ್ಲ. ಮಗನ ಕೈಲಿ ಕೆರೆಸಿಕೊಂಡು ಗೋಡೆ ನೋಡುವುದು ನಿನಗೆ ಶೋಭೆಯಲ್ಲ, ಅಷ್ಟೆ.

ನಂಜುಂಡೇಶ


ಇತ್ತಲಾರ್
20 ಜುಲೈ 2023

ನಂಜು,

ನಿನ್ನ ಬ್ರಷ್ ಬೋಳಾಯಿತು.

ಮಳೆ ಬಿಡುತ್ತಿಲ್ಲ. ಚಳಿ ನಿನಗೆ ಗೊತ್ತು. ಬಿಸಿನೀರು ಎಂದು ನೀನು ಬರೆದಿದ್ದೆ. ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು, ಅದರಲ್ಲೇ ಬ್ರಷ್ ಬಿಟ್ಟೆ. ತೆಗೆದರೆ ಹಿಡಿ ಮಾತ್ರ ಕೈಗೆ ಬಂತು. ಕೂದಲು ಹಂಡೆಯಲ್ಲಿ ತೇಲಿತು. ಚಿನ್ನಿ ಬೈದಳು, ಮನೆಯವರೆಲ್ಲ ಸ್ನಾನ ಮಾಡುವ ನೀರು.

ಬೋಳಾಗದಿದ್ದರೂ ಅಷ್ಟೆ. ಅದಕ್ಕೂ ಮೊದಲು ಹಿಡಿಯಲು ನೋಡಿದ್ದೆ. ಎಡಗೈಯಿಂದ ಬಲಗೈ ಬೆರಳು ಒಂದೊಂದಾಗಿ ಬಿಡಿಸಿ ಹಿಡಿಯ ಸುತ್ತ ಸುತ್ತಿದೆ. ಬಿಟ್ಟ ಕೂಡಲೇ ಬಿತ್ತು. ಬಟ್ಟಲೂ ಉರುಳಿತು. ಮಗ ಒಳಗೆ ಬಂದು ಎತ್ತಿಟ್ಟು ಏನೂ ಮಾತಾಡದೆ ಹೋದ. ಮಾತಾಡಿದ್ದರೆ ವಾಸಿಯಿತ್ತು.

ಬೊಕ್ಕತಲೆಯವನಿಗೆ ಬಾಚಣಿಗೆ ಕಳಿಸುತ್ತೀಯ. ಗೆಳೆಯ ಮಾಡುವ ಕೆಲಸವೇ ಇದು? ಇನ್ನು ಏನೂ ಕಳಿಸಬೇಡ.

ಹಾಲನ್


ತೊರಪಳ್ಳಿ
28 ಜುಲೈ 2023

ಅಯ್ಯೋ ಪುಣ್ಯಾತ್ಮ,

ಬ್ರಷ್ ಬೇಯಿಸಿದೆಯಾ? ಸಾರು ಹೇಗಿತ್ತು? ಗೂಡಲೂರಿನ ಕಡೆ ಯಾರೂ ಈ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ. ಹಗಲೂ ರಾತ್ರಿ ಹಂಡೆ ಕುದಿಸುವ ನಿಮ್ಮ ಬೆಟ್ಟದವರು ಮಾತ್ರ ಮಾಡಬಲ್ಲ ತಪ್ಪು ಇದು. ಬುಡದಲ್ಲಿ ಅಂಟು ಹಾಕಿ ಕೂದಲು ಕೂರಿಸಿರುತ್ತಾರೆ ಮಾರಾಯ, ಕುದಿಯುವ ನೀರಿಗೆ ಅದು ಕರಗದೆ ಇನ್ನೇನು ಮಾಡುತ್ತದೆ? ಮುಂಗೈ ಒಳಮೈ ತಡೆಯುವಷ್ಟು ಬಿಸಿ ಸಾಕು. ಎಳೆಗೂಸಿಗೆ ನೀರು ಹದ ನೋಡುತ್ತಾರಲ್ಲ, ಹಾಗೆ ನೋಡು. ಚಿನ್ನಿಯನ್ನು ಕೇಳು, ತಿಳಿದಿರುತ್ತದೆ.

ಇನ್ನೊಂದು ಬ್ರಷ್ ಕಳಿಸಿದ್ದೇನೆ. ಕಳಿಸಬೇಡ ಎಂದು ನೀನು ಬರೆದ ಸಾಲು ಕೆಟ್ಟ ಅಕ್ಷರದಿಂದಾಗಿ ಓದಲು ಬರಲಿಲ್ಲ. ಈ ಸಲ ಹಿಡಿಗೆ ರಬ್ಬರಿನ ಮೇಲೆ ಒಂದು ಬಟ್ಟೆಯ ಪಟ್ಟಿ ಹೊಲಿಸಿದ್ದೇನೆ, ಅಂಗೈ ಸುತ್ತ ಬರುವಂತೆ. ಕೈ ಬಿಟ್ಟರೂ ಬ್ರಷ್ ನಿನ್ನನ್ನು ಬಿಡುವುದಿಲ್ಲ.

ಬಳಸಿದ ಮೇಲೆ ಚೆನ್ನಾಗಿ ತೊಳೆದು, ಕೊಡವಿ, ಕೂದಲು ಕೆಳಮುಖವಾಗಿ ತೂಗುಹಾಕು. ಆ ಮಳೆಯಲ್ಲಿ ಮೂಲೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೇಗ ಒಣಗಲಿ ಎಂದು ಒಲೆಯ ಮೇಲೆ ಕಟ್ಟಬೇಡ, ನಿನ್ನನ್ನು ಬಲ್ಲೆ. ಸೋಪು ಧಾರಾಳವಾಗಿ ಹತ್ತಿಸು, ನೀರು ಎರಡು ಮೂರೇ ಹನಿ. ಇದು ನನ್ನ ಅನುಭವದ ಮಾತು, ಇದರಲ್ಲಿ ಎದುರಾಡಬೇಡ.

ನಂಜುಂಡೇಶ


ತೊರಪಳ್ಳಿ
5 ಸೆಪ್ಟೆಂಬರ್ 2023

ಹಾಲಾ,

ಆಗಸ್ಟ್ ಪೂರ್ತಿ ಒಂದು ಕಾಗದವಿಲ್ಲ. ಬೈಯುವುದಾದರೂ ಬರೆದು ಬೈ. ಅಂಚೆಯವನು ಅಂಗಡಿ ದಾಟಿ ಹೋದರೆ ನನಗೆ ಊಟ ಸೇರುವುದಿಲ್ಲ. ಇದನ್ನು ತಮಾಷೆಗೆ ಬರೆಯುತ್ತಿಲ್ಲ.

ನಂಜು


ಇತ್ತಲಾರ್
22 ಸೆಪ್ಟೆಂಬರ್ 2023

ನಂಜುಂಡೇಶ ಡಾಕ್ಟರಿಗೆ,

ಹೌದು, ಡಾಕ್ಟರೇ. ಚಿನ್ನಿ ಎಲ್ಲ ಹೇಳಿದಳು. ವಾರ ವಾರ ಅವಳಿಗೆ ಫೋನ್ ಮಾಡಿ, ಇವತ್ತು ತಿರುಗಿಸಿದನಾ, ಎಷ್ಟು ಹೊತ್ತು ತಿರುಗಿಸಿದ ಎಂದು ಕೇಳುತ್ತೀಯಂತೆ. ಗೂಡಲೂರಿನ ವ್ಯಾಯಾಮದ ಡಾಕ್ಟರಮ್ಮನ ಹತ್ತಿರ ಹೋಗಿ ನನ್ನ ಕೈ ವಿಷಯ ಮಾತಾಡಿದ್ದೀಯಂತೆ. ಬ್ರಷ್ ಹಿಡಿಯಲಿ, ಹಿಡಿ ದಪ್ಪಗಿರಲಿ, ಗುಂಡಗೆ ತಿರುಗಿಸಲಿ ಎಂದು ಆ ಡಾಕ್ಟರಮ್ಮ ಹೇಳಿದ್ದಂತೆ. ಔಷಧ ಗಿವುಷಧ ಇಲ್ಲ ಎಂದು ಬರೆದೆಯಲ್ಲ ಸುಳ್ಳ! ಊಟಿಯಲ್ಲಿ ರಬ್ಬರ್ ಚೆಂಡು ಅಮುಕು ಎಂದಾಗಲೇ ಬೇಡ ಎಂದು ಎದ್ದು ಬಂದವನು ನಾನು. ಹಿಂದಿನ ಬಾಗಿಲಿನಿಂದ ಚೆಂಡನ್ನೇ ಕಳಿಸಿದೆ ನೀನು. ನಾನು ಮೂರ್ಖ, ಆಗಸ್ಟಿನಿಂದ ದಿನಾ ಪಟ್ಟಿ ಕಟ್ಟಿಕೊಂಡು ತಿರುಗಿಸಿದೆ.

ಕೇಳಿದ ಕೂಡಲೇ ಸಿಟ್ಟು ನೆತ್ತಿಗೇರಿತು. ಎಡಗೈಯಲ್ಲಿ ಬ್ರಷ್ ತೆಗೆದು ಜಗಲಿಯಿಂದ ಕೆಳಗಿನ ತೋಟಕ್ಕೆ ಎಸೆದೆ. ನಿನ್ನನ್ನೇ ಎಸೆದ ಹಾಗೆ ಹಿತವಾಯಿತು.

ಅರ್ಧ ಗಂಟೆ ಕೂತೆ. ಮಳೆ ಹನಿಯುತ್ತಿತ್ತು. ಆಮೇಲೆ ಯೋಚನೆ ಬಂತು, ನಾಳೆ ಟೀ ಎಲೆ ಕೀಳುವ ಹೆಂಗಸರಿಗೆ ಅದು ಸಿಕ್ಕಿದರೆ ಹಟ್ಟಿಯಲ್ಲೆಲ್ಲ ಕಥೆಯಾಗುತ್ತದೆ. ಸಿಕ್ಕಿದರೆ ಒಲೆಗೆ ಹಾಕೋಣ ಎಂದು ಬೈದುಕೊಂಡೇ ಇಳಿದೆ. ಜಾರುವ ಇಳಿಜಾರು, ಎಡಗೈ ಕೋಲಿನ ಮೇಲೆ. ಎರಡು ಗಿಡದ ನಡುವೆ ಕಂಡಿತು. ಬಗ್ಗಿದೆ. ಎತ್ತಿದೆ. ಮೇಲೆ ಬಂದು ಜಗಲಿಯ ಮೇಲೆ ಇಟ್ಟೆ.

ಆಗ ಚಿನ್ನಿ, "ಯಾವ ಕೈಲಿ ಎತ್ತಿದ್ದು?" ಎಂದಳು.

ಎಡಗೈಯಲ್ಲಿ ಕೋಲು ಇತ್ತು, ನಂಜು. ಕೋಲನ್ನು ನಾನು ಬಿಟ್ಟಿರಲಿಲ್ಲ. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ನನ್ನನ್ನು ಕೇಳದೆಯೇ ಹೋಗಿ ಹಿಡಿದುಕೊಂಡು ಬಂದಿವೆ. ಪಟ್ಟಿ ಕೂಡ ಹಾಕಿರಲಿಲ್ಲ.

ಚಿನ್ನಿ ಅತ್ತಳು. ನಾನೂ. ಇದನ್ನು ಬಜಾರಿನಲ್ಲಿ ಹೇಳಬೇಡ.

ನಿನ್ನ ಮೇಲೆ ಸಿಟ್ಟು ಇನ್ನೂ ಇದೆ.

ಹಾಲನ್


ತೊರಪಳ್ಳಿ
1 ಅಕ್ಟೋಬರ್ 2023

ಹಾಲಾ, ಹಾಲಾ, ಹಾಲಾ!

ಹೌದು, ಡಾಕ್ಟರಮ್ಮನನ್ನು ಕೇಳಿದೆ. ಏನೀಗ? ಹೌದು, ಚಿನ್ನಿಗೆ ಫೋನ್ ಮಾಡಿದೆ. ಇನ್ನೂ ಮಾಡುತ್ತೇನೆ. ಸಿಟ್ಟು ಮಾಡಿಕೋ, ಚೆನ್ನಾಗಿ ಮಾಡಿಕೋ, ನಿನ್ನ ಸಿಟ್ಟಿನಿಂದಲೇ ಬೆರಳು ಬಿಚ್ಚುವುದಾದರೆ ದಿನಕ್ಕೊಂದು ಸುಳ್ಳು ಹೇಳಲು ನಾನು ತಯಾರು. ಕಾಗದ ಓದಿ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ನನ್ನ ಹೆಂಡತಿ ವೀಣಾಳಿಗೆ ಹೇಳಿದೆ. ಅವಳು ಪಾಯಸ ಮಾಡಿದಳು. ಪಕ್ಕದ ಬೇಕರಿಯ ಸುಧಾಕರನ್ ಪಾಯಸ ಯಾಕೆಂದು ಕೇಳಿದ, ಅವನಿಗೂ ಹೇಳಬೇಕಾಯಿತು. ಅತ್ತ ವಿಷಯ ಮಾತ್ರ ಹೇಳಿಲ್ಲ.

ಈಗ ಪಂದ್ಯ. ಗೂಡಲೂರಿನ ಹಳೆಯ ಕ್ಷೌರದಂಗಡಿಗಳಲ್ಲಿ ನೊರೆಗೆ ಒಂದು ಪರೀಕ್ಷೆ ಇತ್ತು. ಬಟ್ಟಲನ್ನು ತಲೆಯ ಮೇಲೆ ಬೋರಲು ಹಿಡಿಯಬೇಕು. ನೊರೆ ಬಿದ್ದರೆ ಕೆಲಸ ಬರುವುದಿಲ್ಲ ಎಂದರ್ಥ. ನೀನು ಬಲಗೈಯಲ್ಲಿ ನೊರೆ ಎಬ್ಬಿಸಿ, ನಿನ್ನ ತಲೆಯ ಮೇಲೆಯೇ ಬೋರಲು ಹಿಡಿ. ಬೀಳದಿದ್ದರೆ, ಹಾಸ್ಟೆಲಿನಲ್ಲಿ ನಿನ್ನದು ಗಂಜಿ ತಿಳಿ ಎಂದು ಹೇಳಿದ್ದನ್ನೆಲ್ಲ ಪೂರ್ತಿ ವಾಪಸ್ ತೆಗೆದುಕೊಳ್ಳುತ್ತೇನೆ. ದೀಪಾವಳಿಯವರೆಗೆ ಸಮಯ. ಆಗುವುದಿಲ್ಲ ಎಂದು ನನಗೆ ಗೊತ್ತು.

ನಂಜುಂಡೇಶ


ಇತ್ತಲಾರ್
18 ನವೆಂಬರ್ 2023

ನಂಜು,

ಮೊದಲು ನಿನ್ನ ಅನುಭವದ ಮಾತಿನ ಬಗ್ಗೆ ನಾಲ್ಕು ಮಾತು.

ಸೋಪು ಧಾರಾಳ, ನೀರು ಎರಡು ಮೂರು ಹನಿ ಎಂದೆ. ಗುರುವಾಕ್ಯ ಎಂದು ಒಂದೂವರೆ ತಿಂಗಳು ಹಾಗೇ ಮಾಡಿದೆ. ಬಟ್ಟಲಿನಲ್ಲಿ ಸುಣ್ಣ ಕಲಸಿದ ಹಾಗೆ ಆಗುತ್ತಿತ್ತು. ಕೆನ್ನೆಗೆ ಹಚ್ಚಿದರೆ ಈ ಕೆನ್ನೆ ಮುಗಿಸಿ ಆ ಕೆನ್ನೆಗೆ ಹೋಗುವುದರೊಳಗೆ ಗಾಳಿಗೆ ಒಣಗಿ ಬಿರುಕು ಬಿಡುತ್ತಿತ್ತು. ಕೈಯದೇ ತಪ್ಪು ಎಂದುಕೊಂಡೆ. ಎಲ್ಲದಕ್ಕೂ ಕೈಯನ್ನೇ ಬೈಯುವುದು ಅಭ್ಯಾಸವಾಗಿತ್ತು.

ಆಮೇಲೆ ಹೊಳೆಯಿತು. ನಿನ್ನ ತೊರಪಳ್ಳಿಯದು ಬೋರ್‌ವೆಲ್ ನೀರು, ಕೊಡದ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಅಂಥ ಗಡಸು ನೀರಿಗೆ ಎಷ್ಟು ಸೋಪು ಹಾಕಿದರೂ ಸಾಲದು. ನಮ್ಮದು ಬೆಟ್ಟದ ಒರತೆ ನೀರು. ಬಟ್ಟೆ ಸೋಪು ಹೋಗಿಸಲು ಚಿನ್ನಿ ನಾಲ್ಕು ಸಲ ಜಾಲಿಸುತ್ತಾಳೆ. ನಿನ್ನ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ! ಸೋಪು ಅರ್ಧಕ್ಕೆ ಇಳಿಸಿದೆ. ಬ್ರಷ್ಷಿನ ತುದಿ ನೀರಿಗೆ ತಾಗಿಸಿ ತಿರುಗಿಸಿದೆ, ಮತ್ತೆ ತಾಗಿಸಿದೆ, ಮತ್ತೆ ತಿರುಗಿಸಿದೆ.

ಇನ್ನೊಂದು. ನೀನು ಮಜ್ಜಿಗೆ ಕಡೆದ ಹಾಗೆ ರಪರಪ ತಿರುಗಿಸುತ್ತೀಯ. ದೊಡ್ಡ ಗುಳ್ಳೆ ಏಳುತ್ತದೆ, ನೋಡಲು ಎತ್ತರ, ಒಳಗೆ ಬರೀ ಗಾಳಿ. ನನ್ನ ಕೈ ಬೇಗ ಹೋಗಲಾರದು. ಮೆಲ್ಲಗೆ ಒಂದು ಸುತ್ತು, ನಿಂತು ಉಸಿರು, ಇನ್ನೊಂದು ಸುತ್ತು. ಮೆಲ್ಲಗೆ ಹೋಗುವ ಕೈಗೇ ಸಣ್ಣ ನೊರೆ ಬರುವುದು. ಗುಳ್ಳೆಯೇ ಕಾಣದು, ಎಮ್ಮೆ ಮೊಸರು. ಇದು ನಿನಗೆ ನಲವತ್ತೈದು ವರ್ಷದಲ್ಲಿ ತಿಳಿಯಲಿಲ್ಲ.

ದೀಪಾವಳಿಯ ಬೆಳಿಗ್ಗೆ ಜಗಲಿಯಲ್ಲಿ ಕೂತೆ. ಮಗ, ಸೊಸೆ, ಕಲೈಸೆಲ್ವಿ, ಚಿನ್ನಿ, ತಮ್ಮ ಮಾದನ್ ಎಲ್ಲ ಇದ್ದರು. ಹೊಸ ಅಂಗಿ ಹಾಕಿದ್ದೆ. "ಅಂಗಿಯಾದ್ರೂ ಬಿಚ್ಚಿಡಿ" ಎಂದಳು ಚಿನ್ನಿ. ಬಿಚ್ಚಲಿಲ್ಲ. ನೊರೆ ಎಬ್ಬಿಸಿ ಬಟ್ಟಲನ್ನು ತಲೆಯ ಮೇಲೆ ಬೋರಲು ಹಿಡಿದೆ. ಕಣ್ಣು ಮುಚ್ಚಿಕೊಂಡೆ.

ಚಿನ್ನಿಯೇ ಮೊದಲು ಕೂಗಿದ್ದು. "ಬಿದ್ದಿಲ್ಲೆ!" ಎಂದಳು. "ಬಿದ್ದಿಲ್ಲೆ, ಬಿದ್ದಿಲ್ಲೆ!" ಕಲೈಸೆಲ್ವಿ ಕುಣಿದೇಬಿಟ್ಟಳು. ಮಗ ಓಡಿಹೋಗಿ ಬಚ್ಚಲಿನಿಂದ ಆ ಡಬ್ಬಿ ತಂದು ಕಸದ ಬುಟ್ಟಿಗೆ ಹಾಕಿದ.

ವಾಪಸ್ ತೆಗೆದುಕೋ. ಪೂರ್ತಿ.

ಕೆಳಗಿನ ಹೆಸರು ಮಾತ್ರ ಬಲಗೈಯದು. ಅದಕ್ಕೇ ಇಡೀ ಕಾಗದಕ್ಕಿಂತ ಅದು ದೊಡ್ಡದಾಗಿದೆ.

ಹಾಲನ್


ತೊರಪಳ್ಳಿ
27 ನವೆಂಬರ್ 2023

ಗುರುಗಳ ಪಾದಕ್ಕೆ,

ವಾಪಸ್ ತೆಗೆದುಕೊಂಡೆ. ಪೂರ್ತಿ, ಬಡ್ಡಿ ಸಮೇತ. ಹೆಸರಿನ ಮೇಲೆ ಬೆರಳಾಡಿಸಿ ನೋಡಿದೆ. ಪೆನ್ನು ಎಷ್ಟು ಒತ್ತಿದ್ದೀಯ ಎಂದರೆ ಕಾಗದದ ಹಿಂದೆಯೂ ಓದಬಹುದು. ಈಗ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದೇನೆ. ಹಲ್ಲುಜ್ಜುವ ಪೇಸ್ಟ್ ಕೇಳಿದವರಿಗೂ ತೋರಿಸಿ ಕಳಿಸುತ್ತೇನೆ.

ನೀರಿನ ವಿಷಯ ಮಾತ್ರ ಸುಮ್ಮನೆ ಒಪ್ಪಲು ಮನಸ್ಸಾಗಲಿಲ್ಲ. ಬೋರ್‌ವೆಲ್ ನೀರಿನಲ್ಲಿ, ನನ್ನ ರಪರಪ ಪದ್ಧತಿಯಲ್ಲಿ ನೊರೆ ಎಬ್ಬಿಸಿ, ವೀಣಾ ಎದುರಿಗೆ ಜಂಬದಿಂದ ತಲೆಯ ಮೇಲೆ ಬೋರಲು ಹಿಡಿದೆ. ಪ್ಲಾಪ್ ಎಂದು ಇಡೀ ಮುದ್ದೆ ನೆತ್ತಿಯ ಮೇಲೆ ಬಿತ್ತು, ಕಿವಿಯವರೆಗೆ ಇಳಿಯಿತು. ವೀಣಾ ನಕ್ಕು ನಕ್ಕು ಬಾಗಿಲು ಹಿಡಿದು ಕೂತಳು. "ಇಷ್ಟ್ ದಿನ ಅಂಗ್ಡೀಲಿ ಏನ್ ಹೇಳ್ಕೊಡ್ತಿದ್ರಿ ಜನಕ್ಕೆ?" ಎಂದು ಕೇಳಿದಳು. ಮರುದಿನ ಮಳೆನೀರು ಹಿಡಿದು ನಿನ್ನ ಹಾಗೆ ಮೆಲ್ಲಗೆ ತಿರುಗಿಸಿದೆ. ನಿಂತಿತು. ನಿನ್ನ ಮಾತೇ ನಿಜ.

ಹಾಲಾ, ನಿನ್ನ ಕಾಗದ ಮೂರು ಸಲ ಓದಿದೆ. ನೊರೆ ಇದೆ, ಒರತೆ ನೀರಿದೆ, ಎಮ್ಮೆ ಮೊಸರೂ ಇದೆ. ಮದುವೆಯ ಬಗ್ಗೆ ಒಂದಕ್ಷರವಿಲ್ಲ. ಕಲೈಸೆಲ್ವಿ ಯಾರ ಮುಂದೆ ತಲೆ ಬಾಗಿಸುತ್ತಾಳೆ? ಈಗಲೂ ಮಾದನ್ ಮುಂದೆಯೇ?

ನಂಜು


ಇತ್ತಲಾರ್
12 ಜನವರಿ 2024

ನಂಜು,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಈ ಸಲ ಕೈಯ ಕಾರಣದಿಂದಲ್ಲ.

ಹೆದರಿಕೆ ಕಣೋ. ನಿನಗಲ್ಲದೆ ಇನ್ಯಾರಿಗೂ ಇದನ್ನು ಹೇಳಲಾರೆ. ಬಟ್ಟಲಿನಲ್ಲಿ ತಿರುಗಿಸುವಾಗ ಕೈ ಸರಿ ಇರುತ್ತದೆ, ಕೆಳಗೆ ಆಸರೆ ಇದೆ. ನನ್ನ ಕೆನ್ನೆಗೆ ಹಚ್ಚಿಕೊಳ್ಳುವಾಗಲೂ ಸರಿ. ಸೇಫ್ಟಿ ರೇಜರ್ ಹಿಡಿದು ಮೊನ್ನೆಯಿಂದ ನಾನೇ ಕೆರೆದುಕೊಳ್ಳುತ್ತಿದ್ದೇನೆ, ಗದ್ದದ ಹತ್ತಿರ ಒಂದು ಗಾಯ ಅಷ್ಟೆ. ಆದರೆ ಕೈ ಬರೀ ಗಾಳಿಯಲ್ಲಿ ಚಾಚಿದರೆ ನಡುಗುತ್ತದೆ. ಬೆಕ್ಕಿನ ತಲೆ ಸವರಲು ಹೋದೆ, ಅದು ಓಡಿಹೋಯಿತು. ಅಷ್ಟು ಜನರ ಮುಂದೆ ಮೊಮ್ಮಗಳ ತಲೆಯ ಮೇಲೆ ಕೈ ಇಡಲು ಹೋಗಿ, ಹೂವಿಗೆ ಸಿಕ್ಕಿ ದಂಡೆ ಕಿತ್ತರೆ? ಅವಳ ಕಣ್ಣಿಗೆ ಬೆರಳು ತಾಗಿದರೆ? ಹರಸುವ ಕೈಗೆ ಹುಡುಗಿ ಹೆದರಿಕೊಂಡು ತಲೆ ಬಾಗಿಸಬಾರದು.

ಕಲೈಸೆಲ್ವಿ ಒಂದು ದಿನ ಬಂದು ಪಕ್ಕದಲ್ಲಿ ಕೂತಳು. "ತಾತಾ, ಚಿಕ್ಕತಾತ ಹರಸಿದ್ರೆ ನಾ ಹೊರಡೋದಿಲ್ಲೆ" ಎಂದಳು. ಹಟ ನನ್ನದೇ ಬಂದಿದೆ ಅವಳಿಗೆ.

ಬರಬೇಡ ಎಂದು ಬರೆದಿದ್ದವನು ನಾನೇ. ಈಗ ಬಾ ಎನ್ನುತ್ತೇನೆ. ಮದುವೆಯ ಹಿಂದಿನ ದಿನವೇ ಬಾ, ಕೆರೆದುಕೊಳ್ಳದ ಮುಖ ತೆಗೆದುಕೊಂಡು ಬಾ. ನಾನು ನಿನ್ನ ಮುಖಕ್ಕೆ ನೊರೆ ಹಚ್ಚಿ ನೋಡಬೇಕು. ಇನ್ನೊಬ್ಬರ ತಲೆಯ ಹತ್ತಿರ ಕೈ ಹೋದರೆ ಏನು ಮಾಡುತ್ತದೆ ಎಂದು ಮೊದಲು ನಿನ್ನ ಮೇಲೆ ತಿಳಿಯಲಿ. ಕಣ್ಣಿಗೆ ಹೋದರೆ ಉರಿಯುತ್ತದೆ, ಸಹಿಸಿಕೋ.

ಇಡೀ ಕಾಗದ ಬಲಗೈಯದು. ಗುರುತಿಸಿದೆಯೋ ಇಲ್ಲವೋ.

ಹಾಲನ್


ತೊರಪಳ್ಳಿ
19 ಫೆಬ್ರವರಿ 2024

ಹಾಲಾ,

ನಿನ್ನ ಮನೆಯಲ್ಲೇ ಇದ್ದು ಬಂದವನು ನಿನಗೇ ಏನು ಬರೆಯುವುದು ಎನ್ನುತ್ತೀಯ. ಬರೆಯಲೇಬೇಕು. ಆ ಹೊತ್ತಿನಲ್ಲಿ ನೀನು ಕಲೈಸೆಲ್ವಿಯನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ನಾನು ನಿನ್ನ ಹಿಂದೆ ನಿಂತು ಎಲ್ಲ ನೋಡಿದೆ. ನೋಡಿದ್ದು ನಿನಗೆ ಸೇರಬೇಕಾದದ್ದು.

ಹಿಂದಿನ ದಿನದಿಂದ ಶುರುಮಾಡುತ್ತೇನೆ. ಜಗಲಿಯಲ್ಲಿ ನನ್ನನ್ನು ಕೂರಿಸಿ, ಕೊರಳಿಗೆ ಟವಲ್ ಕಟ್ಟಿ, ನೀನು ಎದುರು ನಿಂತೆ. ಬ್ರಷ್ ಗಾಳಿಯಲ್ಲಿ ನಡುಗುತ್ತಾ ಬಂತು. ಧೈರ್ಯವಾಗಿದ್ದೆ ಎಂದು ನಿನ್ನ ಎದುರು ಹೇಳಿದೆ, ಸುಳ್ಳು, ನನಗೂ ಭಯವಾಗಿತ್ತು. ಮೂಗಿನ ಮೇಲೆ ಒಂದು ಚುಕ್ಕೆ, ಕಿವಿಯ ಹತ್ತಿರ ಒಂದು ಚುಕ್ಕೆ. ಆಮೇಲೆ ಕೂದಲು ಕೆನ್ನೆಗೆ ತಾಗಿತು ನೋಡು, ನಡುಕ ನಿಂತುಬಿಟ್ಟಿತು. ಮುಟ್ಟಿದ ಮೇಲೆ ನಿನ್ನ ಕೈಗೆ ಏನೂ ಆಗುವುದಿಲ್ಲ ಹಾಲಾ, ಮುಟ್ಟುವವರೆಗೆ ಮಾತ್ರ ಅದಕ್ಕೆ ಭಯ. ಇದನ್ನು ಅಂದೇ ಹೇಳಬೇಕೆಂದುಕೊಂಡೆ, ಬಾಯಿಯ ಸುತ್ತ ನೊರೆಯಿತ್ತು.

ಮರುದಿನ. ಬೆಳಿಗ್ಗೆ ನೀನೇ ಮುಖ ಕೆರೆದುಕೊಂಡು, ಬಿಳಿ ಮುಂಡು ಉಟ್ಟು, ತಲೆಗೆ ರುಮಾಲು ಸುತ್ತಿ ಒಳಮನೆಯಿಂದ ಬಂದೆ. ಮಾದನ್ ಆಗಲೇ ಹಿರಿಯರ ಜಾಗದಲ್ಲಿ ಕೂತಿದ್ದ. ನೀನು ಬರುವುದು ಅವನಿಗೆ ಗೊತ್ತಿರಲಿಲ್ಲವಲ್ಲ. ನಿನ್ನನ್ನು ನೋಡಿದ ಕೂಡಲೇ ಚಾಪೆ ಸುಟ್ಟ ಹಾಗೆ ಎದ್ದು ನಿಂತ. ತನ್ನ ಮೇಲುಹೊದಿಕೆ ತೆಗೆದು ಆ ಜಾಗವನ್ನು ಒರೆಸಿ, ಪಕ್ಕಕ್ಕೆ ಸರಿದ. ನೀನು ಇದನ್ನು ನೋಡಲಿಲ್ಲ.

ಕಲೈಸೆಲ್ವಿ ಬಂದಳು. ತಲೆ ಬಾಗಿಸಿದಳು. ನಿನ್ನ ಕೈ ಎದ್ದಿತು, ಎದ್ದ ಕೂಡಲೇ ನಡುಗಿತು. ಆ ಕಡೆ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಿನ್ನ ಮಗ ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟ. ಚಿನ್ನಿ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ಗಟ್ಟಿಗಿತ್ತಿ ಅವಳು! ನಿನ್ನ ಎಡಗೈ ಕೂಡ ಸಹಾಯಕ್ಕೆಂದು ಏಳಹೋಗಿ, ಅರ್ಧದಲ್ಲೇ ನಿಂತು, ಮತ್ತೆ ತೊಡೆಯ ಮೇಲೆ ಕೂತಿತು. ಅದಕ್ಕೂ ಮಾನ ಮರ್ಯಾದೆ ಇದೆ.

ಕೈ ಇಳಿಯಿತು. ತಲೆಗೆ ತಾಗಿತು. ನಡುಕ ನಿಂತಿತು. ಐದೂ ಬೆರಳು ಅವಳ ಕೂದಲ ಮೇಲೆ ಬಿಚ್ಚಿ ಹರಡಿದವು. ಹೂವಿನ ಒಂದು ಎಸಳೂ ಅಲುಗಲಿಲ್ಲ.

ನಾಲಿಗೆ ತೊಡರುತ್ತದೆ ಎಂದು ಎಂಟು ತಿಂಗಳು ನನ್ನೊಂದಿಗೆ ಮಾತಾಡದವನು ನೀನು. ಆ ಹೊತ್ತಿಗೆ ಎಷ್ಟು ಗಟ್ಟಿಯಾಗಿ "ಬದುಕು" ಎಂದೆ ಗೊತ್ತೇ? ಅಂಗಳದ ಆಚೆ ಅಡುಗೆ ಮಾಡುತ್ತಿದ್ದವರು ಸೌಟು ಬಿಟ್ಟು ಓಡಿಬಂದರು. "ಬದುಕು, ಚೆಂದ ಬದುಕು, ಹೋದ ಮನೆ ಬೆಳಗು" ಎಂದೆ. ತೊಡರಿತು, ಹೌದು, ಎರಡು ಕಡೆ ತೊಡರಿತು. ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಕಲೈಸೆಲ್ವಿ ಎದ್ದಾಗ ಅವಳ ಮುಖ ನೀನು ನೋಡಿದೆ, ಅದನ್ನು ನಾನು ಬರೆಯಬೇಕಿಲ್ಲ.

ಅವಳ ಹಿಂದೆ ಯಾರು ಬಂದು ತಲೆ ಬಾಗಿಸಿದರು ನೆನಪಿದೆಯೇ? ಮಾದನ್. ಅರವತ್ತು ದಾಟಿದ ತಮ್ಮ, ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಮಗುವಿನ ಹಾಗೆ ಬಗ್ಗಿದ. ಆಮೇಲೆ ಹಟ್ಟಿಗೆ ಹಟ್ಟಿಯೇ ಸಾಲು ನಿಂತಿತು. ಅಳಿಯಂದಿರು, ಸೊಸೆಯರು, ಕಂಕುಳ ಕೂಸುಗಳು. ಮದುವೆಗೆ ಹೊರಡಲು ತಡವಾಗುತ್ತದೆ ಎಂದು ಯಾರೋ ಕೂಗಿದರು, ಗಂಡಿನ ಕಡೆಯ ಹಿರಿಯರೇ "ಇರಲಿ, ಮುಗೀಲಿ" ಎಂದರು. ನಿನ್ನ ಕೈ ದಣಿಯಿತು, ನೋಡುವವರಿಗೆಲ್ಲ ಕಾಣುತ್ತಿತ್ತು. ಆದರೂ ಒಂದು ತಲೆಯನ್ನೂ ನೀನು ಬಿಡಲಿಲ್ಲ.

ಕೊನೆಯಲ್ಲಿ ನಾನು ಬಂದೆ. ನೀನು ನಕ್ಕು, "ನಿಂಗ್ಯಾಕೋ?" ಎಂದೆ. ನೀನು ಆರು ತಿಂಗಳು ದೊಡ್ಡವನು, ಅದಕ್ಕೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಇದನ್ನು ಒಪ್ಪಿಕೊಂಡವನಲ್ಲ ನಾನು. ಬಗ್ಗಿದೆ. ಬೋಳು ನೆತ್ತಿಯ ಮೇಲೆ ನಿನ್ನ ಕೈ ಇಳಿಯಿತು. ಭಾರವಾಗಿತ್ತು ಕಣೋ, ಪೂರ್ತಿ ಭಾರ.

ನಂಜು